ಆರು ಬೈಟು, ಹದಿನಾಲ್ಕು ಬೈಟು: ಲಿನಕ್ಸ್ ಕರ್ನಲ್‌ನ ನೆಟ್‌ವರ್ಕ್ ಕೋಡಿನಲ್ಲಿ ಸಣ್ಣ ನಕಲುಗಳನ್ನು ಚುರುಕುಗೊಳಿಸುವ ಬಗೆ

10 ಗಿಗಾಬಿಟ್ ಈಥರ್ನೆಟ್ ತಂತಿಯಲ್ಲಿ ಅತಿ ಚಿಕ್ಕದಾದ 64 ಬೈಟಿನ ಫ್ರೇಮುಗಳು ಬಿಡುವಿಲ್ಲದೆ ಬರತೊಡಗಿದರೆ, ಫ್ರೇಮುಗಳ ನಡುವಣ ಅಂತರವೂ ಸೇರಿದಂತೆ ತಂತಿಯ ಮೇಲೆ ಹೆಚ್ಚುವರಿಯಾಗಿ ಹೋಗುವ 20 ಬೈಟುಗಳನ್ನು ಕೂಡಿಸಿಕೊಂಡರೂ, ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ ಪ್ಯಾಕೆಟುಗಳಾಗುತ್ತವೆ. ಅಂದರೆ ಒಂದು ಪ್ಯಾಕೆಟಿಗೆ ಸಿಗುವುದು 67.2 ನ್ಯಾನೊಸೆಕೆಂಡು, 3 ಗಿಗಾಹರ್ಟ್ಸ್‌ನ ಒಂದು ಕೋರ್‌ಗೆ ಅದು ಸುಮಾರು 200 ಸೈಕಲ್. ಇಷ್ಟರೊಳಗೆ 4 ಬೈಟಿನ ಐಪಿ ವಿಳಾಸ, 6 ಬೈಟಿನ ಮ್ಯಾಕ್ ವಿಳಾಸ, 14 ಬೈಟಿನ ಈಥರ್ನೆಟ್ ಹೆಡರ್ ಇವು ಅಲ್ಲಲ್ಲಿ ನಕಲಾಗುತ್ತಲೇ ಇರುತ್ತವೆ. ಇಂಥ ನಕಲಿನಲ್ಲಿ ಬೈಟುಗಳನ್ನು ಸಾಗಿಸುವ ಖರ್ಚು ತೀರಾ ಕಡಿಮೆ. ಎಷ್ಟು ಬೈಟು, ಯಾವ ಅಲೈನ್‌ಮೆಂಟ್ (ವಿಳಾಸವು 2, 4, 8ರಂಥ ಗಡಿಯಲ್ಲಿ ಕೂತಿದೆಯೇ) ಎಂದು ಓಡುವ ಹೊತ್ತಿನಲ್ಲಿ ವಿಚಾರಿಸಿಕೊಳ್ಳುವುದಕ್ಕೇ ಹೆಚ್ಚು ಖರ್ಚಾಗುತ್ತದೆ. ಆ ವಿಚಾರಣೆಯನ್ನು ಕಂಪೈಲ್ ಆಗುವಾಗಲೇ ಮುಗಿಸಿಬಿಡುವುದು ಹೇಗೆಂಬುದೇ ಇಲ್ಲಿನ ವಿಷಯ.

ಕೋಡಿಗೆ ಕೈ ಹಾಕುವ ಮುನ್ನ ಅಳೆಯಬೇಕು. ಇನ್ನೊಂದು ಯಂತ್ರದಿಂದ ಕರ್ನಲ್‌ನದೇ ಪ್ಯಾಕೆಟ್ ಉತ್ಪಾದಕವಾದ ಪಿಕೆಟಿಜೆನ್ ಮೂಲಕ ಸಣ್ಣ ಪ್ಯಾಕೆಟುಗಳನ್ನು ಸುರಿಸಿ, ಅವನ್ನು ಸ್ವೀಕರಿಸುವ ಕೋರ್ ಒಂದರ ಮೇಲೆ ಮಾತ್ರ ಸಮಯ ಎಲ್ಲಿ ಹೋಗುತ್ತದೆಂದು ತೋರಿಸುವ ಪರ್ಫ್ ಓಡಿಸಿ, ಬಿಸಿಯಾಗಿರುವ, ಅಂದರೆ ಹೆಚ್ಚು ಸಮಯ ತಿನ್ನುವ, ಫಂಕ್ಷನ್ನಿನ ಅಸೆಂಬ್ಲಿಯನ್ನು ಸಾಲುಸಾಲಾಗಿ ನೋಡಿ. ನಂತರ ಕಂಪೈಲ್ ಆದ ಕೋಡನ್ನು ಅಸೆಂಬ್ಲಿಯಾಗಿ ತೋರಿಸುವ ಆಬ್ಜ್‌ಡಂಪ್‌ನಿಂದ ಅದೇ ಕಡತವನ್ನು ಬಿಚ್ಚಿ, ಬೈಟುಗಳನ್ನು ನಕಲು ಮಾಡುವ ಫಂಕ್ಷನ್ನಾದ ಮೆಮ್‌ಕಾಪಿಗೆ ನಿಜವಾದ ಕರೆ ಎಲ್ಲೆಲ್ಲಿ ಉಳಿದಿದೆ ಎಂದು ಹುಡುಕಿ. ಇಲ್ಲೊಂದು ಮೋಸವಿದೆ. ಕಾರ್ಡಿನಿಂದ ಆಗಷ್ಟೇ ಬಂದಿಳಿದ ಹೆಡರನ್ನು ಮೊದಲು ಮುಟ್ಟುವ ಸಾಲು ಯಾವುದೋ, ಸಿಪಿಯುವಿನ ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಅದು ಸಿಗದ ದಂಡವನ್ನು ಆ ಸಾಲೇ ತೆರುತ್ತದೆ. ನಕಲನ್ನು ತೆಗೆದುಹಾಕಿದಾಗ ಬಿಸಿಯು ಮುಂದಿನ ಸಾಲಿಗೆ ಜಾರಿ ಒಟ್ಟು ವೇಗ ಬದಲಾಗದಿದ್ದರೆ, ತಪ್ಪು ನಕಲಿನದಲ್ಲ. ಅಲ್ಲಿ ಬೇಕಾಗಿರುವುದು ಮುಂಚಿತವಾಗಿ ಪ್ರಿಫೆಚ್ ಮಾಡುವುದು, ಅಂದರೆ ಬೇಕಾಗುವ ಮೊದಲೇ ಕ್ಯಾಶ್‌ಗೆ ತರಿಸಿಕೊಳ್ಳುವುದು. ಈ ಪರೀಕ್ಷೆಯನ್ನು ಮಾಡದೆ ಮೆಮ್‌ಕಾಪಿಯನ್ನು ತಿದ್ದಲು ಹೊರಟವರು ದಿನಗಟ್ಟಲೆ ಕಳೆದುಕೊಳ್ಳುವುದನ್ನು ನಾನು ಕಂಡಿದ್ದೇನೆ.

ನಕಲೇ ಕಾರಣವೆಂದು ಖಚಿತವಾದರೆ, ಮೊದಲು ಅದರ ಉದ್ದವನ್ನು ಸ್ಥಿರಾಂಕವಾಗಿಸಿ. ಉದ್ದವು ಸಿ ಭಾಷೆಯ ಸೈಜ್‌ಆಫ್‌ನಂತೆ ಕಂಪೈಲರ್‌ಗೆ ಗೊತ್ತಿರುವ ಸಂಖ್ಯೆಯಾದರೆ ಮೆಮ್‌ಕಾಪಿ ಕರೆಯೇ ಮಾಯವಾಗಿ, ಅದರ ಜಾಗದಲ್ಲಿ ಎರಡು ಮೂರು ಲೋಡ್ (ಓದು) ಮತ್ತು ಸ್ಟೋರ್‌ಗಳಷ್ಟೇ (ಬರಹ) ಉಳಿಯುತ್ತವೆ. ಉದ್ದವು ವೇರಿಯಬಲ್ ಆದರೆ ಸಾಮಾನ್ಯವಾಗಿ ಪೂರ್ಣ ಫಂಕ್ಷನ್ ಕರೆ ಬರುತ್ತದೆ; ‘ಹೆಚ್ಚೆಂದರೆ 16’ ಎಂದು ಮಿತಿ ಹಾಕಿದ ಮಾತ್ರಕ್ಕೆ ಅದು ತಪ್ಪುತ್ತದೆಂಬ ಖಾತ್ರಿಯಿಲ್ಲ. ಆ ಕರೆಯ ಒಳಗೆ ಉದ್ದಕ್ಕೆ ತಕ್ಕ ಕವಲುಗಳಿರಬಹುದು, ಇಲ್ಲವೇ ಬೈಟುಗಳ ಸಾಲನ್ನೇ ನಕಲು ಮಾಡುವ ರೆಪ್ ಮೂವ್ಸ್‌ಬಿ ಇನ್‌ಸ್ಟ್ರಕ್ಷನ್ ಇರಬಹುದು. ಈ ಇನ್‌ಸ್ಟ್ರಕ್ಷನ್ ದೊಡ್ಡ ನಕಲಿಗೆ ಚೆನ್ನಾಗಿದೆ. ಆದರೆ ಸಣ್ಣ ನಕಲಿನಲ್ಲೂ ಅದನ್ನು ಚುರುಕಾಗಿಸುವ ಎಫ್‌ಎಸ್‌ಆರ್‌ಎಂ ಸೌಲಭ್ಯವಿಲ್ಲದ ಹಳೆಯ ಇಂಟೆಲ್ ಚಿಪ್ಪುಗಳಲ್ಲಿ ಅದು ಶುರುವಾಗುವುದಕ್ಕೇ ಹತ್ತಾರು ಸೈಕಲ್ ತೆಗೆದುಕೊಳ್ಳುತ್ತದೆ. ಉದ್ದ ನಿಜಕ್ಕೂ ಬದಲಾಗುತ್ತಿದ್ದು, ಬಹುಪಾಲು ಸಲ 14 ಆಗಿರುತ್ತದೆಂದು ಗೊತ್ತಿದ್ದರೆ, ಅದೊಂದಕ್ಕೆ ಲೈಕ್ಲಿ (ಹೆಚ್ಚಾಗಿ ಇದೇ ದಾರಿ ಎಂದು ಕಂಪೈಲರ್‌ಗೆ ಹೇಳುವ ಗುರುತು) ಹಾಕಿದ ಬೇರೆ ಕವಲನ್ನು ಬರೆದು, ಅದರೊಳಗೆ 14 ಎಂದೇ ನಮೂದಿಸಿ, ಉಳಿದವನ್ನು ಸಾಮಾನ್ಯ ಕರೆಗೆ ಬಿಡಿ. ಒಮ್ಮೆಗೆ 16 ಬೈಟು ಹಿಡಿಯುವ ಎಸ್‌ಎಸ್‌ಇ ರಿಜಿಸ್ಟರುಗಳ ಆಸೆ ಇಲ್ಲಿ ಬೇಡ. ಎಕ್ಸ್86ರ (ಇಂಟೆಲ್, ಎಎಂಡಿ ಚಿಪ್ಪುಗಳ) ಕರ್ನಲ್ ಅವುಗಳಿಲ್ಲದೆಯೇ ಕಂಪೈಲ್ ಆಗುತ್ತದೆ, ಮತ್ತು ಬಲವಂತವಾಗಿ ಬಳಸಲು ಹೋದರೆ ಅವುಗಳ ಹಳೆಯ ಸ್ಥಿತಿಯನ್ನು ಉಳಿಸಿಡುವ ಖರ್ಚು ಸಣ್ಣ ನಕಲಿನ ಲಾಭವನ್ನೆಲ್ಲ ನುಂಗಿಬಿಡುತ್ತದೆ.

ಎರಡನೆಯ ಉಪಾಯ ನನಗೆ ಬಹಳ ಪ್ರಿಯವಾದದ್ದು: ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚೇ ನಕಲು ಮಾಡುವುದು. ಲಿನಕ್ಸ್‌ನಲ್ಲಿ ಹೊರಹೋಗುವ ಪ್ಯಾಕೆಟಿಗೆ ಈಥರ್ನೆಟ್ ಹೆಡರನ್ನು ಅಂಟಿಸುವ ನೇ_ಎಚ್‌ಎಚ್_ಔಟ್‌ಪುಟ್ (neigh_hh_output) ಎಂಬ ಪುಟ್ಟ ಫಂಕ್ಷನ್ನನ್ನು ಹತ್ತಿರದಿಂದ ನೋಡಿ. ಹೆಡರ್ ಇರುವುದು 14 ಬೈಟು. ಆದರೆ ಅದನ್ನು ಮೊದಲೇ ಸಿದ್ಧಪಡಿಸಿ ಇಟ್ಟಿರುವ 16 ಬೈಟಿನ ಜಾಗದಲ್ಲಿ ಮೊದಲ 2 ಬೈಟನ್ನು ಖಾಲಿ ಬಿಟ್ಟು, ಹೆಡರನ್ನು ಬಲಕ್ಕೆ ಒತ್ತಿ ಕೂರಿಸಲಾಗಿದೆ. ನಕಲು ಮಾಡುವಾಗ ಇಡೀ 16 ಬೈಟೂ, ಪ್ಯಾಕೆಟಿನ ಐಪಿ ಹೆಡರ್ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಸರಿಯಾಗಿ ಮುಗಿಯುವಂತೆ, ಹೋಗುತ್ತದೆ. 64 ಬಿಟ್ಟಿನ ಯಂತ್ರದಲ್ಲಿ ಇದಕ್ಕೆ ಎರಡು ಲೋಡ್, ಎರಡು ಸ್ಟೋರ್ ಸಾಕು. ಮುಂದೆ ಬಿದ್ದ 2 ಬೈಟು ಕಸವನ್ನು ಯಾರೂ ಓದುವುದಿಲ್ಲ. ಇಂಟೆಲ್‌ನ ಕೆಲವು ಕಾರ್ಡುಗಳ ಡ್ರೈವರುಗಳೂ ಹೆಡರನ್ನು ಎಳೆದುಕೊಳ್ಳುವಾಗ ಅದರ ಉದ್ದವನ್ನು ಲಾಂಗ್‌ನ (64 ಬಿಟ್ಟಿನ ಯಂತ್ರದಲ್ಲಿ 8 ಬೈಟಿನ) ಅಳತೆಗೆ ಮೇಲಕ್ಕೆ ಸರಿಹೊಂದಿಸಿಕೊಂಡೇ ನಕಲು ಮಾಡುತ್ತವೆ.

ಆದರೆ ಆ ಹೆಚ್ಚುವರಿ ಬೈಟುಗಳು ಯಾರ ಸ್ವತ್ತು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಓದುವ ಕಡೆ ಅಷ್ಟೂ ಬೈಟು ಓದಲು ಸಿಗಬೇಕು; ಬರೆಯುವ ಕಡೆ ಅಷ್ಟೂ ಬೈಟು ನಮ್ಮದೇ ಆಗಿರಬೇಕು. ಮೇಲೆ ಹೇಳಿದ ಫಂಕ್ಷನ್ನಿನಲ್ಲೇ, ಪ್ಯಾಕೆಟಿನ ಮುಂಭಾಗದಲ್ಲಿ 14 ಬೈಟು ಮಾತ್ರ ಖಾಲಿಯಿದ್ದಾಗ, ನಂತರದ ಗಡಿ ಪರೀಕ್ಷೆಯು 14ನ್ನಷ್ಟೇ ನೋಡಿ ಸುಮ್ಮನಾಗುತ್ತಿತ್ತು. ಅಷ್ಟರಲ್ಲಿ ಬಫರಿನ ಆಚೆಗೆ 2 ಬೈಟು ಬರೆದಾಗಿರುತ್ತಿತ್ತು. 2018ರಲ್ಲಿ ಇದನ್ನು ತಿದ್ದಿ, ನಕಲಿಗೆ ಮೊದಲೇ 16 ಬೈಟು ಜಾಗವಿದೆಯೇ ಎಂದು ನೋಡುವ ಸಾಲನ್ನು ಸೇರಿಸಲಾಯಿತು. ನೀವು ಈ ಉಪಾಯವನ್ನು ಎಲ್ಲಿ ಬಳಸಿದರೂ ಅಂಥದೇ ಒಂದು ಸಾಲನ್ನು ಬರೆಯಿರಿ.

ಇನ್ನು ಅಲೈನ್‌ಮೆಂಟ್. ಈಥರ್ನೆಟ್ ಹೆಡರ್ 14 ಬೈಟಿನದಾದ್ದರಿಂದ, ಬಫರ್ ನೇರವಾದ ಗಡಿಯಲ್ಲಿ ಶುರುವಾದರೆ ಐಪಿ ಹೆಡರ್ 4ರ ಗಡಿಯಿಂದ 2 ಬೈಟು ಜಾರಿ ಕೂರುತ್ತದೆ. ಅದಕ್ಕಾಗಿಯೇ ನೆಟ್_ಐಪಿ_ಅಲೈನ್ ಎಂಬ, ಬಫರಿನ ಮುಂದೆ ಬಿಡುವ 2 ಬೈಟಿನ ಖಾಲಿ ಜಾಗವಿದೆ. ಜಾರಿದ ವಿಳಾಸವನ್ನು ಸುಲಭವಾಗಿ ಓದಬಲ್ಲ ಎಕ್ಸ್86ರಲ್ಲಿ ಅದು 0. ಆರ್ಮ್ ಪ್ರೊಸೆಸರಿನ ಹಳೆಯ ಫಲಕವೊಂದಕ್ಕೆ ನಾನು ಬರೆದ ಡ್ರೈವರಿನಲ್ಲಿ ಈ 2 ಬೈಟಿನ ಜಾಗವನ್ನು ಇಟ್ಟಿರಲಿಲ್ಲ. 4 ಬೈಟಿನ ವಿಳಾಸದ ನಕಲಿಗೆ ಮೆಮ್‌ಕಾಪಿಯನ್ನೇ ಬಳಸಿದ್ದರೂ, ಪಾಯಿಂಟರಿನ ವಿಧ ಐಪಿ ಹೆಡರಿನದಾಗಿದ್ದರಿಂದ ಕಂಪೈಲರ್ ಅದನ್ನು ಸರಿಯಾದ ಗಡಿಯಲ್ಲಿರುವ ವಿಳಾಸವೆಂದೇ ನಂಬಿ, ಒಂದೇ ಪೂರ್ಣ ಲೋಡ್ ಹಾಕಿತ್ತು. ಪ್ರತಿ ಪ್ಯಾಕೆಟಿಗೂ ಟ್ರ್ಯಾಪ್ ಆಗಿ, ಅಂದರೆ ಪ್ರೊಸೆಸರ್ ತಪ್ಪೆಂದು ಕೆಲಸ ನಿಲ್ಲಿಸಿ, ಕರ್ನಲ್ ಅದನ್ನು ಸದ್ದಿಲ್ಲದೆ ಸರಿಪಡಿಸುತ್ತಿತ್ತು. ಫಲಿತಾಂಶ ಸರಿ, ವೇಗ ಮಾತ್ರ ನೆಲಕಚ್ಚಿತ್ತು. ಪ್ರಾಕ್‌ನ ಸಿಪಿಯು ಕೋಶದಲ್ಲಿರುವ ಅಲೈನ್‌ಮೆಂಟ್ ಕಡತವನ್ನು ತೆರೆದಾಗ, ಅಲ್ಲಿನ ಎಣಿಕೆ ಪ್ಯಾಕೆಟುಗಳ ಜೊತೆಜೊತೆಗೇ ಏರುತ್ತಿರುವುದು ಕಂಡಿತು. ಗಡಿಯ ಬಗ್ಗೆ ಖಾತ್ರಿಯಿಲ್ಲದ ಕಡೆ, ಜಾರಿದ ವಿಳಾಸದಿಂದಲೂ ಸುರಕ್ಷಿತವಾಗಿ ಓದುವ ಗೆಟ್_ಅನ್‌ಅಲೈನ್ಡ್ ಬಳಸಿ. ಮ್ಯಾಕ್ ವಿಳಾಸಕ್ಕೆ ಈಥರ್_ಆಡ್ರ್_ಕಾಪಿ ಇದೆ. ಯಂತ್ರಕ್ಕೆ ತಕ್ಕಂತೆ ಅದು 4 ಮತ್ತು 2 ಬೈಟಾಗಿಯೋ, 2 ಬೈಟಿನ ಮೂರು ತುಂಡುಗಳಾಗಿಯೋ ಸಾಗಿಸುತ್ತದೆ. ಎರಡೂ ಕಡೆ 2ರ ಗಡಿಯಲ್ಲಿರಬೇಕೆಂಬುದು ಅದರ ಷರತ್ತು.

ಪಕ್ಕಪಕ್ಕದ ಫೀಲ್ಡುಗಳನ್ನು ಒಟ್ಟಿಗೆ ಸಾಗಿಸುವುದೂ ಒಳ್ಳೆಯದೇ. ಐಪಿವಿ4ರ ಮೂಲ ಮತ್ತು ಗುರಿ ವಿಳಾಸಗಳು ಅಕ್ಕಪಕ್ಕದಲ್ಲಿರುವುದರಿಂದ ಒಂದೇ 8 ಬೈಟಿನ ನಕಲು ಸಾಕು. ಆದರೆ ಮೊದಲ ಫೀಲ್ಡಿನ ವಿಳಾಸ ಕೊಟ್ಟು ಎರಡನೆಯದರೊಳಕ್ಕೆ ಹಾಯುವಂತೆ ಮೆಮ್‌ಕಾಪಿ ಮಾಡಿದರೆ, ನಕಲು ಫೀಲ್ಡಿನ ಗಡಿ ದಾಟುತ್ತದೆಯೇ ಎಂದು ನೋಡುವ ಫಾರ್ಟಿಫೈ ಪರೀಕ್ಷೆ ಆಕ್ಷೇಪಿಸುತ್ತದೆ, ಅದು ನ್ಯಾಯವೂ ಹೌದು. ಲಿನಕ್ಸ್ 5.16ರಿಂದ ಬಂದ ಸ್ಟ್ರಕ್ಟ್_ಗ್ರೂಪ್ ಮ್ಯಾಕ್ರೊದಿಂದ ಅವೆರಡಕ್ಕೂ ಒಂದು ಹೆಸರು ಕೊಟ್ಟು, ಆ ಹೆಸರನ್ನೇ ನಕಲು ಮಾಡಿ.

ಇದರ ಬೆನ್ನಿಗೇ ಬರುವ ತೊಂದರೆಯೊಂದಿದೆ. ಈಗಷ್ಟೇ 4 ಬೈಟಿನ ಎರಡು ಸ್ಟೋರ್‌ಗಳಲ್ಲಿ ಬರೆದುದನ್ನು ತಕ್ಷಣ 8 ಬೈಟಿನ ಒಂದೇ ಲೋಡಿನಲ್ಲಿ ಓದಲು ಹೋದರೆ, ಬರಹಗಳು ಕ್ಯಾಶ್ ಸೇರುವ ಮೊದಲು ತಂಗುವ ಸ್ಟೋರ್ ಬಫರಿನಿಂದ ನೇರವಾಗಿ ಮೌಲ್ಯ ಸಿಗದೆ, ಎರಡೂ ಬರಹಗಳು ಕ್ಯಾಶ್ ತಲುಪುವವರೆಗೆ ಓದು ಕಾಯಬೇಕಾಗುತ್ತದೆ. ಹತ್ತಕ್ಕೂ ಹೆಚ್ಚು ಸೈಕಲ್ ಹೀಗೆ ಹೋಗಬಹುದು. ಅಸೆಂಬ್ಲಿಯಲ್ಲಿ ಇನ್‌ಸ್ಟ್ರಕ್ಷನ್‌ಗಳು ಕಡಿಮೆಯಾಗಿದ್ದರೂ ವೇಗ ಏರದಿದ್ದಾಗ ಮೊದಲು ಇದನ್ನೇ ಶಂಕಿಸಿ, ಬರೆದ ಅಗಲದಲ್ಲೇ ಓದುವಂತೆ ತಿದ್ದಿ.

ಬದಲಾವಣೆ ಸಿದ್ಧವಾದ ಮೇಲೆ ಸಿಪಿಯು ವೇಗವನ್ನು ಸ್ಥಿರಗೊಳಿಸಿ, ಹಳೆಯ ಮತ್ತು ಹೊಸ ಕರ್ನಲ್‌ಗಳನ್ನು ಒಂದಾದ ಮೇಲೊಂದರಂತೆ ಹಲವು ಸಲ ಓಡಿಸಿ ಅಳೆಯಿರಿ. ಕರ್ನಲ್ ಮೂಲದ ಸ್ಕ್ರಿಪ್ಟ್ಸ್ ಕೋಶದಲ್ಲಿರುವ ಬ್ಲೋಟ್-ಒ-ಮೀಟರ್‌ನಿಂದ ಕೋಡಿನ ಗಾತ್ರ ಎಷ್ಟು ಬೆಳೆಯಿತೆಂದು ನೋಡಿ. ಇನ್‌ಲೈನ್ ಆದ ನಕಲುಗಳು ಇನ್‌ಸ್ಟ್ರಕ್ಷನ್ ಕ್ಯಾಶನ್ನು ತುಂಬಿಬಿಟ್ಟರೆ ಗಳಿಸಿದ್ದು ಬೇರೆಡೆ ಸೋರಿಹೋಗುತ್ತದೆ. ಪ್ಯಾಚ್ ಕಳಿಸುವಾಗ ಈ ಅಂಕಿಗಳನ್ನೂ, ಎಕ್ಸ್86 ಅಲ್ಲದ ಕನಿಷ್ಠ ಒಂದು ಯಂತ್ರದ ಅಸೆಂಬ್ಲಿಯನ್ನೂ ಅದರ ವಿವರಣೆಯಲ್ಲಿಯೇ ಸೇರಿಸಿ.