ತೋಟದ ದಾರಿಯ ಗೀರುಗಳಿಗೆ ಮೊದಲ ಪಾಲಿಶ್

ಮಳೆಗಾಲದಲ್ಲಿ ಕೊಡಗಿನವರಿಗೆ ಕಾರು ಹೊಳೆಯಬೇಕೆಂಬ ಹಂಬಲ ಇರುವುದಿಲ್ಲ; ಕೆಸರಿನಲ್ಲಿ ಹೂತುಕೊಳ್ಳದಿದ್ದರೆ ಸಾಕು. ಮಳೆ ನಿಂತು ಬಿಸಿಲು ಬಿದ್ದ ದಿನ ಅದರ ನಿಜರೂಪ ಕಾಣುತ್ತದೆ. ಕಿಟಕಿಯ ರಬ್ಬರಿನಲ್ಲಿ ಪಾಚಿ, ಬಾಗಿಲುಗಳ ಮೇಲೆ ತೋಟದ ದಾರಿಯ ಲಂಟಾನ ಉಜ್ಜಿದ ಗುರುತು, ಬಾನೆಟ್ಟಿನ ಮೇಲೆ ಜೇಡರ ಬಲೆಯಂಥ ಗೀರುಗಳು. ಈ ಬಲೆಗೆ ಲಂಟಾನವನ್ನು ದೂರುವಂತಿಲ್ಲ. ಒಣಗಿದ ಕೆಸರನ್ನು ಸಿಕ್ಕ ಬಟ್ಟೆಯಿಂದ ಒರೆಸಿದವರು ನಾವೇ.

ಪಾಲಿಶ್ ಗೀರನ್ನು ತುಂಬುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಮಾಡುವ ಕೆಲಸ ಬೇರೆ: ಗೀರಿನ ಸುತ್ತಲಿನ ಪಾರದರ್ಶಕ ಪದರವನ್ನು, ಅಂದರೆ ಕ್ಲಿಯರ್ ಕೋಟನ್ನು, ಸವೆಸಿ ಸಮ ಮಾಡುತ್ತದೆ. ಆ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಸವೆದದ್ದು ಮರಳಿ ಬರುವುದಿಲ್ಲ. ಗೀರಿಗೆ ಅಡ್ಡಲಾಗಿ ಉಗುರು ಎಳೆದು ನೋಡಿ. ಸಿಕ್ಕಿಕೊಂಡರೆ ಗೀರು ಆಳವಾಗಿದೆ ಎಂದರ್ಥ, ಅದನ್ನು ಅಲ್ಲಿಗೇ ಬಿಟ್ಟುಬಿಡಿ.

ಮೊದಲ ಸಲಕ್ಕೆ ತಿರುಗುತ್ತಲೇ ಓಲಾಡುವ ಡ್ಯುಯಲ್ ಆ್ಯಕ್ಷನ್ ಪಾಲಿಶ್ ಯಂತ್ರವೇ ಇರಲಿ. ಹೆಚ್ಚು ಒತ್ತಿದರೆ ಅದರ ಪ್ಯಾಡ್ ತಿರುಗುವುದನ್ನೇ ನಿಲ್ಲಿಸುತ್ತದೆ, ಬಣ್ಣ ಉಳಿಯುತ್ತದೆ. ಒಂದೇ ಸಮನೆ ಗಿರ್ರನೆ ತಿರುಗುವ ರೋಟರಿ ಪಳಗಿದ ಕೈಗೆ ಸರಿ. ನಾನು ಸಾಲ ತಂದ ರೋಟರಿಯಿಂದಲೇ ಶುರುಮಾಡಿದವನು. ಬಾನೆಟ್ಟಿನ ಏಣಿನ ಮೇಲೆ ಒಂದೆರಡು ಸೆಕೆಂಡು ಹೆಚ್ಚಿಗೆ ನಿಂತೆ, ಬಣ್ಣದಡಿಯ ಪ್ರೈಮರ್ ಬೆರಳಗಲ ಇಣುಕಿತು. ಕಬ್ಬಿಣ ಕತ್ತರಿಸುವ ಗ್ರೈಂಡರಿಗೆ ಪ್ಯಾಡ್ ಕಟ್ಟುವ ಯೋಚನೆಯಿದ್ದರೆ ಅದನ್ನು ಇಲ್ಲಿಗೇ ಬಿಡಿ.

ಇಬ್ಬನಿ ಆರಿದ ಮೇಲೆ ಶೆಡ್ಡಿನ ನೆರಳಿನಲ್ಲಿ ಕೆಲಸಕ್ಕಿಳಿಯಿರಿ; ಲೋಹ ಮುಟ್ಟಿದರೆ ತಣ್ಣಗಿರಬೇಕು. ಕಾಫಿ ಒಣಗಿಸುವ ಕಣದ ಹತ್ತಿರ ಬೇಡ, ಗಾಳಿಗೆ ಹಾರಿಬಂದ ದೂಳು ಪ್ಯಾಡಿಗೆ ಅಂಟಿದರೆ ಹೊಸ ಗೀರು ಖಚಿತ. ಎರಡು ಬಕೆಟ್ ಇಟ್ಟುಕೊಂಡು ತೊಳೆಯಿರಿ: ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಬಟ್ಟೆ ಜಾಲಿಸಲು. ಆಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿ ಬಣ್ಣದ ಮೇಲೆ ಸವರಿ. ತರಿತರಿ ಎನಿಸಿದರೆ ಮರದ ಅಂಟು, ಟಾರಿನ ಚುಕ್ಕಿ ಇನ್ನೂ ಉಳಿದಿವೆ ಎಂದರ್ಥ; ಸಾಬೂನು ನೀರು ಚಿಮುಕಿಸಿ, ಕಣಕದಂತೆ ಮೆದುವಾದ ಜೇಡಿಯ ತುಂಡನ್ನು, ಅಂದರೆ ಕ್ಲೇ ಬಾರನ್ನು, ಉಜ್ಜಿ ತೆಗೆಯಿರಿ. ರಬ್ಬರ್, ಕಪ್ಪು ಪ್ಲಾಸ್ಟಿಕ್ ಮತ್ತು ಚೂಪು ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ.

ಈಗ ಬಾನೆಟ್ಟಿನಲ್ಲಿ ಒಂದೂವರೆ ಅಡಿ ಚೌಕ ಆರಿಸಿಕೊಳ್ಳಿ. ಅದೇ ನಿಮ್ಮ ಪರೀಕ್ಷೆಯ ಜಾಗ. ಮೃದು ಫೋಮ್ ಪ್ಯಾಡ್, ನಯವಾದ ಪಾಲಿಶ್. ಕಡಲೆ ಗಾತ್ರದ ನಾಲ್ಕು ಹನಿ ಸಾಕು. ಪ್ಯಾಡನ್ನು ಬಣ್ಣಕ್ಕೆ ತಾಗಿಸಿದ ಮೇಲೆಯೇ ಸ್ವಿಚ್ ಒತ್ತಿ, ಇಲ್ಲದಿದ್ದರೆ ಪಾಲಿಶ್ ನಿಮ್ಮ ಅಂಗಿಗೆ. ಕಡಿಮೆ ವೇಗದಲ್ಲಿ ಹರಡಿ, ನಂತರ ಡಯಲನ್ನು ನಾಲ್ಕು ಇಲ್ಲವೇ ಐದಕ್ಕೆ ಏರಿಸಿ. ಸೆಕೆಂಡಿಗೆ ಒಂದು ಅಂಗುಲದಂತೆ ಸರಿಸಿ. ಇಷ್ಟು ನಿಧಾನವೇ ಎಂದು ಬೇಸರ ಬಂದರೆ ನೀವು ಸರಿಯಾದ ವೇಗದಲ್ಲಿದ್ದೀರಿ. ಒಂದು ಸಾಲು ಹಿಂದಿನದರ ಅರ್ಧವನ್ನು ಮುಚ್ಚಬೇಕು. ಅಡ್ಡಡ್ಡ ಮುಗಿದ ಮೇಲೆ ಉದ್ದುದ್ದ. ಪ್ಯಾಡ್ ಹಿಂದಿನ ತಟ್ಟೆಗೆ ಮಾರ್ಕರಿನಿಂದ ಒಂದು ಗೆರೆ ಎಳೆದಿಡಿ. ಗೆರೆ ತಿರುಗುತ್ತಿಲ್ಲವೆಂದರೆ ಕೈ ವಾಲಿದೆ, ಅಥವಾ ಒತ್ತಡ ಜಾಸ್ತಿಯಾಗಿದೆ.

ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಟಾರ್ಚ್ ಬಿಟ್ಟು ನೋಡಿ. ಬಲೆ ಮಾಸಿದ್ದರೆ ಇದೇ ಕ್ರಮದಲ್ಲಿ ಇಡೀ ಕಾರು. ಮಾಸದಿದ್ದರೆ ಮಾತ್ರ ಗಡಸು ಪ್ಯಾಡ್ ಮತ್ತು ಹೆಚ್ಚು ಸವೆಸುವ ಒರಟು ಪಾಲಿಶ್, ಅಂದರೆ ಕಾಂಪೌಂಡ್, ಬಳಸಿ. ಹಳೆಯ ಕಾರಿನಲ್ಲಿ ಪ್ಯಾಡಿಗೆ ಕಾರಿನ ಬಣ್ಣವೇ ಹತ್ತಿದರೆ ಗಾಬರಿ ಬೇಡ, ಅದಕ್ಕೆ ಕ್ಲಿಯರ್ ಕೋಟ್ ಇಲ್ಲದಿರಬಹುದು. ಕೈ ಮಾತ್ರ ಹಗುರವಾಗಿರಲಿ. ಪ್ಲಾಸ್ಟಿಕ್ ಬಂಪರ್ ಬೇಗ ಕಾಯುತ್ತದೆ, ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಪ್ರತಿ ಚೌಕ ಮುಗಿದಾಗಲೂ ಪ್ಯಾಡನ್ನು ಬ್ರಷ್‌ನಿಂದ ಕೆರೆದು ಸ್ವಚ್ಛಗೊಳಿಸಿ.

ಇಡೀ ಕಾರಿಗೆ ಒಂದು ದಿನವೇ ಬೇಕು. ಸಂಜೆಗೆ ಬೆನ್ನು ಹಿಡಿದುಕೊಂಡರೂ ಬಣ್ಣದ ಕಾವಲಿಗೆ ಅಂದೇ ವ್ಯಾಕ್ಸ್ ಇಲ್ಲವೇ ಸೀಲೆಂಟ್ ಹಚ್ಚಿಬಿಡಿ. ಸಿಲ್ವರ್ ಓಕ್ ಮೇಲೆ ಕೂರುವ ಹಕ್ಕಿಗಳು ಮರುದಿನದವರೆಗೆ ಕಾಯುವುದಿಲ್ಲ.