ಹಳೆಯ ಎದೋ ನಕ್ಷೆ ಕೊಳ್ಳುವ ಮುನ್ನ

ಪೂರ್ವ ಏಷ್ಯಾದ ಹಳೆಯ ನಕ್ಷೆ ಸಂಗ್ರಹಿಸುವ ಆಸೆಯಿರುವ ಗೆಳೆಯರೇ, ಎದೋ ನಗರದ (ಈಗಿನ ಟೋಕಿಯೊ) ‘ಕಿರಿಎಜು’ಗಳಿಂದ ಶುರುಮಾಡಿ. ಊರನ್ನು ಬಡಾವಣೆವಾರು ಬಿಡಿಸಿ, ಮರದಚ್ಚಿನಿಂದ ಮುದ್ರಿಸಿದ ಮಡಚುವ ಹಾಳೆಗಳಿವು. 1850ರ ಆಸುಪಾಸಿನಲ್ಲಿ ಓವಾರಿಯಾ ಪ್ರಕಾಶನ ಹೊರತಂದವು ನನಗಂತೂ ಅಚ್ಚುಮೆಚ್ಚು.

ಮೊದಲು ಓದಲು ಕಲಿಯಿರಿ. ಕೆಂಪು ಎಂದರೆ ದೇವಾಲಯ, ನೀಲಿ ನೀರು, ಹಳದಿ ರಸ್ತೆ, ಬೂದು ಪೇಟೆಯ ಜನರ ಮನೆಗಳು. ಸಾಮಂತರ ಮುಖ್ಯ ನಿವಾಸದ ಮೇಲೆ ಮನೆತನದ ಲಾಂಛನ ಇರುತ್ತದೆ. ಹೆಸರುಗಳು ಅಡ್ಡಡ್ಡ, ತಲೆಕೆಳಗಾಗಿ ಕಂಡರೆ ಮುದ್ರಣದೋಷ ಅಂದುಕೊಳ್ಳಬೇಡಿ. ಅಕ್ಷರದ ತಲೆ ಯಾವ ಕಡೆಗಿದೆಯೋ ಆ ಕಡೆಗೇ ಆ ಮನೆಯ ಹೆಬ್ಬಾಗಿಲು! ಇಷ್ಟು ಗೊತ್ತಾದರೆ ನಕ್ಷೆಯೊಳಗೆ ಓಡಾಡಬಹುದು.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಹಿಂಬದಿಯ ಫೋಟೋ ಕೇಳಿ ಪಡೆಯಲೇಬೇಕು. ಮರದಚ್ಚಿನ ಬಣ್ಣ ವಾಶಿ (ಜಪಾನಿನ ಸಾಂಪ್ರದಾಯಿಕ ಕೈಕಾಗದ) ಹಾಳೆಯ ಹಿಂದಕ್ಕೂ ಸ್ವಲ್ಪ ಇಳಿದಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದಾಗ ಸಾಲುಸಾಲು ಚುಕ್ಕಿ ಕಂಡರೆ ಅದು ಆಫ್‌ಸೆಟ್ ಪ್ರತಿ, ಅಂದರೆ ಈಚೆಗೆ ಯಂತ್ರದಲ್ಲಿ ಅಚ್ಚಾದ ನಕಲು. ಹುಳು ತಿಂದ ತೂತಿಗೆ ಹೆದರಬೇಕಿಲ್ಲ. ಮಡಚಿಟ್ಟಾಗ ಕೊರೆದದ್ದಾದ್ದರಿಂದ ಮಡಿಕೆಯ ಎರಡೂ ಬದಿ ತೂತು ಒಂದಕ್ಕೊಂದು ಹೊಂದುತ್ತದೆ, ಅದೂ ಹಳೆಯ ಹಾಳೆಯೆಂಬುದಕ್ಕೆ ಒಂದು ಸುಳಿವೇ. ಜಪಾನಿನ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ ಇಂಥ ನಕ್ಷೆಗಳನ್ನು ಉಚಿತವಾಗಿ ನೋಡಬಹುದು, ಪಕ್ಕದಲ್ಲಿಟ್ಟು ಹೋಲಿಸಿ. ಟೋಕಿಯೊಗೆ ಹೋಗುವವರು ಜಿಂಬೋಚೊದ ಹಳೆಪುಸ್ತಕದ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದೇ ನೋಡಿ.

ಮನೆಗೆ ತಂದ ಮೇಲೆ ಸೆಲ್ಲೋಟೇಪ್, ಲ್ಯಾಮಿನೇಶನ್ ಎರಡೂ ಬೇಡವೇ ಬೇಡ. ಆಮ್ಲರಹಿತ ಕಾಗದದ ನಡುವೆ, ಬಿಸಿಲು ತೇವ ತಾಗದ ಕಡೆ ಇಡಿ.