ಕಡೂರಿನ ತಾರಸಿಯಿಂದ ಕಂಡ ಸಿಡಿಲು ಮೋಡಗಳು

ಕಡೂರಿನ ನಮ್ಮ ಮನೆಯ ತಾರಸಿಯಲ್ಲಿ ನಿಂತರೆ ಪಶ್ಚಿಮಕ್ಕೆ ಬಾಬಾಬುಡನ್‌ಗಿರಿಯ ಸಾಲು ಕಾಣುತ್ತದೆ. ಭರಣಿ ಮಳೆಯ ದಿನಗಳಲ್ಲಿ, ಅಂದರೆ ಏಪ್ರಿಲ್ ಕೊನೆಯಿಂದ ಮೇ 10ರ ಆಸುಪಾಸಿನವರೆಗೆ, ಮಧ್ಯಾಹ್ನ ಎರಡರ ಹೊತ್ತಿಗೆ ಆ ಸಾಲಿನ ಮೇಲೆ ಮೋಡಗಳು ಹೂಕೋಸಿನಂತೆ ಉಬ್ಬತೊಡಗುತ್ತವೆ. 2017ರಿಂದ ನಾನು ಅವುಗಳನ್ನು ನೋಡಿ ನೋಟ್‌ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಹವಾಮಾನ ಶಾಸ್ತ್ರವನ್ನು ಓದಿದವನಲ್ಲ. ತೆಂಗಿನ ತೋಟವಿರುವವನಿಗೆ ಆಕಾಶ ನೋಡುವ ಚಾಳಿ ತಾನಾಗಿಯೇ ಬರುತ್ತದೆ.

ಆರಂಭದಲ್ಲಿ ನನ್ನ ಊಹೆಗಳು ಹೆಚ್ಚಾಗಿ ತಪ್ಪುತ್ತಿದ್ದವು. ಸೆಖೆ ಹೆಚ್ಚಿದ್ದರೆ ಸಂಜೆ ಗುಡುಗು ಖಚಿತ ಎಂದು ನಂಬಿದ್ದೆ. ಅದು ಅರ್ಧ ಸತ್ಯ ಮಾತ್ರ. ನೆಲದ ಬಳಿ ತೇವವಿದ್ದು, ಎರಡು ದಿಕ್ಕಿನ ಗಾಳಿಗಳು ನಮ್ಮ ಒಳನಾಡಿನ ಮೇಲೆ ಒಂದು ಗೆರೆಯಲ್ಲಿ ಕೂಡಿದರೂ, ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಬಿಸಿಯಾದ ಒಣಗಾಳಿಯ ಪದರವೊಂದು ಪಾತ್ರೆಯ ಮುಚ್ಚಳದಂತೆ ಕುಳಿತಿದ್ದರೆ ಮೋಡ ಮೇಲೇಳುವುದೇ ಇಲ್ಲ. ಬೆಂಗಳೂರು ಮತ್ತು ಮಂಗಳೂರಿನಲ್ಲಿ ಹವಾಮಾನ ಇಲಾಖೆ ಹಾರಿಸುವ ಬಲೂನುಗಳ ಬೆಳಗಿನ 5:30ರ ಅಳತೆಗಳಲ್ಲಿ ಈ ಮುಚ್ಚಳವನ್ನು ಗುರುತಿಸಲು ಕಲಿಯುವುದಕ್ಕೆ ನನಗೆ ಎರಡು ಬೇಸಿಗೆಗಳು ಹಿಡಿದವು. ಮುಚ್ಚಳ ಗಟ್ಟಿಯಾಗಿದ್ದ ದಿನ ಮೂರು ಗಂಟೆಗೂ ಮೋಡಗಳು ಹತ್ತಿಯ ಉಂಡೆಗಳಂತೆ ಚಪ್ಪಟೆಯಾಗಿಯೇ ಉಳಿಯುತ್ತವೆ. ಅದು ತಡವಾಗಿ ಒಡೆದ ದಿನವೇ ಅತಿ ಜೋರಿನ ಮಳೆ. ಅಷ್ಟು ಹೊತ್ತು ಕೂಡಿಟ್ಟ ಶಾಖವೆಲ್ಲ ಒಮ್ಮೆಗೇ ಮೇಲೇರುತ್ತದೆ.

ಆಗ ನನಗೆ ಹತ್ತಿರವಿದ್ದ ರಾಡಾರ್ ಎಂದರೆ ಗೋವಾದ್ದು, ಸುಮಾರು 300 ಕಿಲೋಮೀಟರ್ ದೂರ. ಭೂಮಿ ಗುಂಡಗಿರುವುದರಿಂದ ಅಷ್ಟು ದೂರ ಬರುವಷ್ಟರಲ್ಲಿ ಅದರ ಅತಿ ಕೆಳಗಿನ ಕಿರಣವೂ ಏಳೆಂಟು ಕಿಲೋಮೀಟರ್ ಎತ್ತರಕ್ಕೆ ಹೋಗಿರುತ್ತದೆ. ಮೋಡದ ತಲೆ ಕಂಡರೂ ಹೊಟ್ಟೆ ಕಾಣುವುದಿಲ್ಲ. ಇನ್ಸಾಟ್ ಉಪಗ್ರಹದ ಚಿತ್ರಗಳು ಕೈಗೆ ಸಿಗುವಷ್ಟರಲ್ಲಿ ಅರ್ಧ ಗಂಟೆ ಹಳೆಯದಾಗಿರುತ್ತಿದ್ದವು. ಹೀಗಾಗಿ ಕಣ್ಣಿಗೆ ಬಿದ್ದದ್ದನ್ನು ಅಳೆದು ಹೇಳುವುದನ್ನೇ ಕಲಿಯಬೇಕಾಯಿತು. ಅದನ್ನು ಕಲಿಸಿದವರು ಅರಸೀಕೆರೆಯಲ್ಲಿರುವ ನಿವೃತ್ತ ಮೇಷ್ಟ್ರೊಬ್ಬರು. ನಮ್ಮನ್ನು ದಾಟಿದ ಮೋಡ ಎಷ್ಟೋ ಸಲ ಅವರ ಕಡೆಗೇ ಹೋಗುವುದರಿಂದ ನಾನು ಫೋನು ಮಾಡಿ ತಿಳಿಸುತ್ತಿದ್ದೆ.

“ಮೇಷ್ಟ್ರೇ, ಇಲ್ಲಿ ಪಶ್ಚಿಮ ಪೂರ್ತಿ ಕಪ್ಪಾಗಿದೆ” ಎಂದು ಒಮ್ಮೆ ಹೇಳಿದೆ.

“ಕಪ್ಪು ಅಂದ್ರೆ ನಾನೇನು ತಿಳ್ಕೊಳ್ಳಲಪ್ಪಾ? ಎಷ್ಟು ಎತ್ತರ, ಯಾವ ದಿಕ್ಕು, ಅದು ಹೇಳು” ಎಂದರು.

ಅಂದಿನಿಂದ ನಾವು ಮುಷ್ಟಿಯ ಲೆಕ್ಕದಲ್ಲಿ ಮಾತನಾಡುತ್ತೇವೆ. ತೋಳನ್ನು ನೇರ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಹೆಚ್ಚುಕಡಿಮೆ 10 ಡಿಗ್ರಿ. ತಲೆ 14 ಕಿಲೋಮೀಟರ್ ಎತ್ತರಕ್ಕೆ ಬೆಳೆದ ಮೋಡ 80 ಕಿಲೋಮೀಟರ್ ದೂರದಲ್ಲಿದ್ದರೆ ದಿಗಂತದಿಂದ ಒಂದು ಮುಷ್ಟಿ, 40 ಕಿಲೋಮೀಟರ್ ದೂರದಲ್ಲಿದ್ದರೆ ಎರಡು ಮುಷ್ಟಿ. ಹತ್ತು ನಿಮಿಷಕ್ಕೊಮ್ಮೆ ಅಳೆದರೆ ಮೋಡ ಬೆಳೆಯುತ್ತಿದೆಯೋ ಹತ್ತಿರ ಬರುತ್ತಿದೆಯೋ ಎಂಬ ಗೊಂದಲ ಉಳಿಯುತ್ತದೆ, ನಿಜ. ಅದನ್ನು ಬಿಡಿಸುವುದು ಮೇಷ್ಟ್ರ ತಾರಸಿಯಿಂದ ಬರುವ ಎರಡನೆಯ ಅಳತೆ. ಮೋಡದ ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಯಾವ ಕಡೆಗೆ ಚಾಚಿದೆ ಎಂಬುದು ಮೇಲಿನ ಗಾಳಿಯ ದಿಕ್ಕನ್ನು ತಿಳಿಸುತ್ತದೆ. ಆ ಚಾಚಿನ ಅಡಿಯಲ್ಲಿ ಹಸುವಿನ ಕೆಚ್ಚಲಿನಂತಹ ಉಬ್ಬುಗಳು ಜೋತುಬಿದ್ದು, ಇಳಿಬಿಸಿಲಿಗೆ ಹೊಂಬಣ್ಣ ತಾಳಿದ್ದನ್ನು ಏಳು ವರ್ಷಗಳಲ್ಲಿ ನಾಲ್ಕೇ ಬಾರಿ ಕಂಡಿದ್ದೇನೆ.

ಅಂತಹ ಒಂದು ಸಂಜೆಯೇ ನಾನು ಪೆದ್ದುತನ ಮಾಡಿದ್ದು. ಮಳೆ ಇನ್ನೂ ಗಿರಿಯ ಬುಡದಲ್ಲಿತ್ತು. ನನ್ನ ತಲೆಯ ಮೇಲಿದ್ದದ್ದು ಅಡಿಗಲ್ಲಿನ ಚಾಚು ಮಾತ್ರ. ಮಿಂಚಿಗೂ ಗುಡುಗಿಗೂ ನಡುವೆ 24 ಸೆಕೆಂಡುಗಳನ್ನು ಎಣಿಸಿದೆ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್‌ನಂತೆ ಎಂಟು ಕಿಲೋಮೀಟರ್ ಆಯಿತೆಂದು ನಿಶ್ಚಿಂತೆಯಿಂದ ಮೊಬೈಲ್ ಹಿಡಿದು ಚಿತ್ರ ತೆಗೆಯುತ್ತಿದ್ದೆ. ಮುಂದಿನ ಸಿಡಿಲು ಪಕ್ಕದ ತೋಟದ ತೆಂಗಿನ ಮರಕ್ಕೆ ಬಿತ್ತು. ಎಣಿಸಲು ಏನೂ ಇರಲಿಲ್ಲ. ಬೆಳಕು, ಸದ್ದು, ಸುಟ್ಟ ಗರಿಯ ವಾಸನೆ ಎಲ್ಲವೂ ಒಟ್ಟಿಗೇ ಬಂದವು. ಮಳೆಯ ಜಾಗದಿಂದ ಹತ್ತು ಕಿಲೋಮೀಟರ್ ಆಚೆಗೂ ಸಿಡಿಲು ಬೀಳಬಲ್ಲದೆಂದು ಓದಿದ್ದೆ, ಆದರೆ ಅದು ನನಗೂ ಅನ್ವಯಿಸುತ್ತದೆಂದು ಎಣಿಸಿರಲಿಲ್ಲ. ಈಗ ಲೆಕ್ಕ 30 ಸೆಕೆಂಡಿಗಿಂತ ಕಡಿಮೆಯಾದರೆ, ಅಥವಾ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಹತ್ತಿರದಲ್ಲಿ ಸಿಡಿಲು ತೋರಿಸಿದರೆ, ಒಳಗೆ ಬಂದು ಕಿಟಕಿಯಿಂದ ನೋಡುತ್ತೇನೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ತಾರಸಿ ಹತ್ತುವುದಿಲ್ಲ. ಒಳ್ಳೆಯ ಚಿತ್ರಗಳು ಇದರಿಂದ ಕೈತಪ್ಪಿವೆ.

ಮರುದಿನ ಬೆಳಿಗ್ಗೆ 8:30ಕ್ಕೆ, ಇಲಾಖೆಯ ಲೆಕ್ಕದಲ್ಲಿ ಹಿಂದಿನ 24 ಗಂಟೆಗಳ ಮಳೆ ಮುಗಿಯುವ ಹೊತ್ತಿಗೆ, ಮಳೆಮಾಪಕ ನೋಡಿ ಮೇಷ್ಟ್ರಿಗೆ ಫೋನು ಮಾಡುತ್ತೇನೆ. ಕಳೆದ ವರ್ಷ ಒಂದು ದಿನ ಕೆಂಪು ಧೂಳಿನ ಗೋಡೆಯನ್ನೇ ಮುಂದೆ ತಳ್ಳಿಕೊಂಡು ಗಾಳಿ ಬಂದಿತ್ತು. ಎಂಟು ನಿಮಿಷಗಳಲ್ಲಿ ಉಷ್ಣಾಂಶ 35ರಿಂದ 24 ಡಿಗ್ರಿಗೆ ಇಳಿದಿತ್ತು. 40 ಮಿಲಿಮೀಟರಿಗೆ ಕಡಿಮೆಯಿಲ್ಲವೆಂದು ನಾನು ಸಂಜೆಯೇ ಬರೆದಿಟ್ಟಿದ್ದೆ. ಮಾಪಕದಲ್ಲಿ ಇದ್ದದ್ದು ಮೂರು.

“ನಿಮ್ಮಲ್ಲಿ ಎಷ್ಟು ಮೇಷ್ಟ್ರೇ?”

“ನಲವತ್ತೊಂದು. ನಿನ್ನ ಊಹೆ ಸರಿಯಾಗೇ ಇದೆ, ಊರು ತಪ್ಪಿದೆ ಅಷ್ಟೆ” ಎಂದು ನಕ್ಕರು.